ಬಾನೆಟ್ಟಿನ ಬಿಸಿ

ಶಂಕರಪುರದ ನಮ್ಮ ಮನೆಯಲ್ಲಿ ತೆಂಗಿನಕಾಯಿ ಮೂಟೆ ಇರುವುದು ಕಾರಿನ ಶೆಡ್ಡಿನಲ್ಲಿ. ಹೋದ ವರ್ಷ ಮಾಘದ ಒಂದು ಮಂಗಳವಾರ, ಪಾರಾಯಣ ಮುಗಿಸಿ ನಾಲ್ಕೂವರೆಗೆ ಮನೆಗೆ ಬಂದವಳು, ಸಂಜೆಯ ಪೂಜೆಗೆ ಒಂದು ಕಾಯಿ ತರಲೆಂದು ಒಳಗಿನ ಸಣ್ಣ ಬಾಗಿಲಿನಿಂದ ಶೆಡ್ಡಿಗೆ ಹೋದೆ. ಮೂಟೆಗೆ ಬಗ್ಗುವಾಗ ಆಸರೆಗೆಂದು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು. ಬಿಸಿಲಿನ ಬಿಸಿಯಲ್ಲ, ಶೆಡ್ಡಿಗೆ ಬಿಸಿಲು ಬೀಳುವುದೇ ಇಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿದರೆ ಕೈಗೆ ತಿಳಿಯುತ್ತದಲ್ಲ, ಅಂಥ ಬಿಸಿ. ಒಳಗೆಲ್ಲೋ ಕಬ್ಬಿಣ ತಣ್ಣಗಾಗುತ್ತ ಟಿಕ್, ಟಿಕ್ ಅನ್ನುತ್ತಿತ್ತು.

ನಮ್ಮ ಕಾರು ಹೊರಗೆ ಹೋಗುವುದು ಭಾನುವಾರ ಮಾತ್ರ. ಮನೆಯವರು ಕೆಲಸಕ್ಕೆ ಮೆಟ್ರೋದಲ್ಲಿ ಹೋಗಿ ಬರುತ್ತಾರೆ. ನಾನು ಸೈಕಲ್ಲು ಸಹ ಕಲಿತವಳಲ್ಲ. ಇನ್ನುಳಿದವರು ಮಾವನವರು. ಎರಡು ವರ್ಷದ ಹಿಂದೆ ಗಾಂಧಿ ಬಜಾರಿನಲ್ಲಿ ಒಬ್ಬ ಹೂವಿನವಳ ಬುಟ್ಟಿಗೆ ಕಾರು ತಾಗಿಸಿದ ದಿನವೇ ಅವರು ದೇವರ ಮುಂದೆ ನಿಂತು, "ಇನ್ನು ಸ್ಟೇರಿಂಗ್ ಮುಟ್ಟಲ್ಲ" ಎಂದು ಹೇಳಿ, ಬೀಗದಕೈಯನ್ನು ದೇವರ ಮನೆಯ ಮೊಳೆಗೆ ನೇತುಹಾಕಿದ್ದರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವರ ಬಾಯಲ್ಲಿ ಒಂದು ಸುಳ್ಳು ಕೇಳಿಲ್ಲ.

ಹೊರಗೆ ಹೋಗಿ ಶೆಡ್ಡಿನ ದೊಡ್ಡ ಬಾಗಿಲ ಮುಂದೆ ನೋಡಿದೆ. ಬೆಳಿಗ್ಗೆ ನಾನು ಹಾಕಿದ ರಂಗೋಲಿ ಹಾಗೇ ಇತ್ತು, ಒಂದು ಎಳೆಯೂ ಅಳಿಸಿರಲಿಲ್ಲ. ಕಾರು ಹೊರಗೆ ಹೋಗಿದ್ದರೆ ಅದರ ಮೇಲೆಯೇ ಹೋಗಬೇಕು. ಬೇರೆ ದಾರಿಯಿಲ್ಲ.

ರಾತ್ರಿ ಊಟಕ್ಕೆ ಬಡಿಸುವಾಗ ಮನೆಯವರಿಗೆ ಹೇಳಿದೆ. ಅವರು ಹುಳಿಗೆ ತುಪ್ಪ ಹಾಕಿಸಿಕೊಳ್ಳುತ್ತ, "ಬೆಕ್ಕು ಮಲಗಿರತ್ತೆ" ಅಂದರು.

"ಬೆಕ್ಕು ಮಲಗಿದ್ರೆ ಅಷ್ಟಗಲ ಬಿಸಿಯಾಗತ್ತಾ?"

"ದಪ್ಪ ಬೆಕ್ಕು."

ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಅದೇ ವಾರ ಮಾವನವರ ಕಾರಿನ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ವಿಚಿತ್ರ ಕಾಣಿಸಿಕೊಂಡಿತು.

ಮಾವನವರು ಪಾಲಿಟೆಕ್ನಿಕ್ಕಿನಲ್ಲಿ ಇಂಜಿನ್ನುಗಳ ಪಾಠ ಹೇಳಿ ನಿವೃತ್ತರಾದವರು. ಕಾರು ಓಡಿಸುವುದು ಬಿಟ್ಟರೂ ಅದರ ಮೈಲೇಜು ಬರೆಯುವುದನ್ನು ಬಿಟ್ಟಿರಲಿಲ್ಲ. ಪ್ರತಿ ಭಾನುವಾರ ಮಗನ ಪಕ್ಕ ಕೂತು ಮಲ್ಲೇಶ್ವರದ ದೇವಸ್ಥಾನಕ್ಕೆ ಹೋಗಿ ಬರುವುದು, ಬರುವಾಗ ಅದೇ ಬಂಕಿನಲ್ಲಿ ಟ್ಯಾಂಕಿನ ಬಾಯಿತನಕ ತುಂಬಿಸುವುದು, ಎಷ್ಟು ಲೀಟರು ಹಿಡಿಯಿತೋ ಅಷ್ಟರಿಂದ ಓಡಿದ ಕಿಲೋಮೀಟರು ಭಾಗಿಸಿ ಸೀಸದಕಡ್ಡಿಯಲ್ಲಿ ಬರೆಯುವುದು. ನಾನು ದೇವರ ನಾಮ ಬರೆದ ಹಾಗೆ ಅವರು ಅದನ್ನು ಬರೆಯುತ್ತಿದ್ದರು. ವರ್ಷಗಟ್ಟಲೆ ಹದಿನಾರು, ಹದಿನಾರು ಎಂದೇ ಇದ್ದದ್ದು ಆ ಭಾನುವಾರ ಹತ್ತಕ್ಕೆ ಇಳಿಯಿತು.

"ಏನೋ, ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಿದೀಯಾ?" ಎಂದು ಮಗನನ್ನು ಕೇಳಿದರು.

"ಪೆಟ್ರೋಲು ಮೊದಲಿನ ಥರ ಇಲ್ಲಪ್ಪ. ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸ್ತಾರೆ. ಆಫೀಸಲ್ಲಿ ಎಲ್ಲಾರೂ ಅದನ್ನೇ ಬೈತಿದಾರೆ."

"ಬೈದ್ರೆ ಲೆಕ್ಕ ಸರಿಹೋಗಲ್ಲ" ಎಂದು ಅವರು ನನ್ನ ಕಡೆ ತಿರುಗಿದರು. ಅವರಿಗೆ ಪಾಠ ಹೇಳಲು ಯಾರಾದರೂ ಬೇಕು. "ನೋಡಮ್ಮ, ಒಂದು ಪಾವು ಅವಲಕ್ಕಿ ತಿಂದ್ರೆ ಎಷ್ಟೊತ್ತು ಹಸಿವಾಗಲ್ಲ? ಒಂದು ಪಾವು ಕಡ್ಲೆಪುರಿ ತಿಂದ್ರೆ? ಪಾವು ಅದೇ, ಒಳಗಿರೋ ಕಸುವು ಬೇರೆ. ಎಥನಾಲು ಕಡ್ಲೆಪುರಿ. ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಶಾಖ ಕಮ್ಮಿ. ಆದ್ರೆ ಐದು ಪಾವಿನಲ್ಲಿ ಒಂದು ಪಾವು ಮಾತ್ರ ಕಡ್ಲೆಪುರಿ ಬೆರೆಸಿದಾರೆ. ಹದಿನಾರು ಹದಿನೈದಾಗ್ಬೇಕು. ಹತ್ತು ಯಾಕಾಯ್ತು?"

"ಗಾಡಿಗೆ ವಯಸ್ಸಾಯ್ತು ಅನ್ನಿ" ಅಂದೆ.

"ವಯಸ್ಸಾದ್ರೆ ಒಂದೇ ವಾರದಲ್ಲಿ ಆಗಲ್ಲಮ್ಮ. ಸ್ವಲ್ಪ ಸ್ವಲ್ಪಾನೇ ಆಗತ್ತೆ. ಇದಕ್ಕೆ ಬೇರೆ ಕಾರಣ ಇದೆ. ಒಂದು ಸಲಕ್ಕೆ ಒಂದನ್ನ ಮಾತ್ರ ಬದಲಿಸಿ ನೋಡ್ಬೇಕು."

ಮುಂದಿನ ಕೆಲವು ವಾರ ದುಬಾರಿ ಪೆಟ್ರೋಲು ಹಾಕಿಸಿದರು. ಮನೆಯವರಿಗೆ ಅದರ ಮೇಲೆ ಭರವಸೆ. ಮಾವನವರಿಗೆ ಇರಲಿಲ್ಲ. ಅಂಥ ಪೆಟ್ರೋಲು ಒಳಗೆ ಒತ್ತಡ ಜಾಸ್ತಿ ಇರುವ ಇಂಜಿನ್ನಿಗೆ ಸರಿ, ನಮ್ಮ ಹಳೇ ಪುಟ್ಟ ಕಾರಿಗೆ ಅದು ತಿಳಿಯುವುದೇ ಇಲ್ಲ ಎಂದರು. "ಹಲ್ಲಿಲ್ಲದ ನನಗೆ ಚಕ್ಕುಲಿ ಕೊಟ್ಟ ಹಾಗೆ." ಹಾಗೇ ಆಯಿತು. ಹತ್ತು, ಹತ್ತೂವರೆ, ಮತ್ತೆ ಹತ್ತು.

ಇತ್ತ ನಾನು ಪಾರಾಯಣದಿಂದ ಬಂದ ದಿನವೆಲ್ಲ ಸೀರೆ ಬದಲಿಸುವ ಮೊದಲೇ ಶೆಡ್ಡಿಗೆ ಹೋಗುವುದು ಶುರುವಾಗಿತ್ತು. ಪಾರಾಯಣ ಇದ್ದದ್ದು ಮಂಗಳವಾರ ಮತ್ತು ಶುಕ್ರವಾರ. ಆ ಎರಡು ದಿನವೂ ಬಾನೆಟ್ಟು ಬೆಚ್ಚಗೆ. ಬೇರೆ ದಿನ ಎಷ್ಟು ಸಲ ಮುಟ್ಟಿದರೂ ಕಲ್ಲಿನ ಹಾಗೆ ತಣ್ಣಗೆ. ಎರಡೂ ದೇವಿಯ ವಾರ. ಹಾಗೆ ಯೋಚಿಸಬಾರದು ಎಂದುಕೊಂಡರೂ ಯೋಚನೆ ಅಲ್ಲಿಗೇ ಹೋಗುತ್ತಿತ್ತು.

ಯಾಕೆಂದರೆ ನಮ್ಮ ಅತ್ತೆ ಹೋದದ್ದು ಶುಕ್ರವಾರ. ನಾಲ್ಕು ವರ್ಷವಾಯಿತು, ಮುತ್ತೈದೆಯಾಗಿ ಹೋದರು. ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದವರು. ಕಾರಿನಲ್ಲಿ ಎಡಗಡೆ ಮುಂದಿನ ಸೀಟು ಅವರದು. ಅವರು ಹೋದ ಮೇಲೆ ನಾನು ಅಲ್ಲಿ ಕೂತದ್ದಿಲ್ಲ, ಭಾನುವಾರವೂ ಹಿಂದೆಯೇ ಕೂರುತ್ತೇನೆ.

ಚೈತ್ರದಲ್ಲಿ ಒಂದು ಶುಕ್ರವಾರ ಬೆಳಿಗ್ಗೆ ಅತ್ತೆಯ ಫೋಟೋಗೆ ಒಂದು ಮೊಳ ಮಲ್ಲಿಗೆ ಮುಡಿಸಿ ಹೋಗಿದ್ದೆ. ಸಂಜೆ ಬಂದಾಗ ಫೋಟೋದ ಮೇಲೆ ಅರ್ಧ ಮೊಳ ಇತ್ತು. ಉಳಿದರ್ಧ ಕಾರಿನ ಎಡಗಡೆ ಸೀಟಿನ ಮೇಲೆ ಇತ್ತು. ಬಿದ್ದ ಹಾಗಿರಲಿಲ್ಲ, ಯಾರೋ ಒಬ್ಬರಿಗೆಂದು ಎತ್ತಿಟ್ಟ ಹಾಗೆ ಸುರುಳಿ ಸುತ್ತಿತ್ತು. ಆ ಕಡೆಯ ಬಾಗಿಲಿನ ಲಾಕು ಮೇಲೆ ಎಳೆದಿತ್ತು.

ಹೂವನ್ನು ನಾನು ಮುಟ್ಟಲಿಲ್ಲ. ಒಳಗೆ ಬಂದು ಮಾವನವರ ಕೋಣೆ ಇಣುಕಿದೆ. ಗೋಡೆಯ ಕಡೆ ತಿರುಗಿ ನಿದ್ದೆ ಮಾಡುತ್ತಿದ್ದರು. ದೇವರ ಮನೆಯ ಮೊಳೆಯಲ್ಲಿ ಬೀಗದಕೈ ಇತ್ತು. ಅತ್ತೆಯ ಫೋಟೋದ ಮುಂದೆ ಕೂತು, "ಏನು ಬೇಕು ಅತ್ತೆ? ನನ್ನಿಂದ ಏನಾದ್ರೂ ತಪ್ಪಾಗಿದ್ಯಾ?" ಎಂದು ಕೇಳಿದೆ. ಮರುದಿನ ಅರ್ಚಕರ ಹತ್ತಿರ ನಿಂಬೆಹಣ್ಣು ಮಂತ್ರಿಸಿ ತಂದು ಕಾರಿಗೆ ಕಟ್ಟಿದೆ. ಮಂಗಳವಾರ ಮತ್ತೆ ಬಿಸಿ.

ಮಾವನವರು ಇದ್ಯಾವುದೂ ತಿಳಿಯದೆ ತಮ್ಮ ಪರೀಕ್ಷೆಯಲ್ಲಿ ಮುಳುಗಿದ್ದರು. ಚಾಮರಾಜಪೇಟೆಯ ಮೆಕ್ಯಾನಿಕ್ಕನ್ನು ಕರೆಸಿದರು. ಅವರ ಹತ್ತಿರವೇ ಓದಿದವನು, ಈಗ ಅವನಿಗೂ ತಲೆ ನರೆತಿದೆ. ಬಂದವನೇ ಬಾನೆಟ್ಟು ಎತ್ತಿ, "ಮೇಷ್ಟ್ರೇ, ಇನ್ನೂ ಮಾರ್ಕ್ಸ್ ಹಾಕ್ತಾನೇ ಇದೀರಲ್ಲ, ಈ ಗಾಡೀನ ಪಾಸ್ ಮಾಡಿ ಮನೆಗೆ ಕಳ್ಸಿ" ಅಂದ.

"ನಿನ್ನನ್ನೇ ಪಾಸ್ ಮಾಡಿದೀನಿ, ಇದೇನು ಮಹಾ. ಕೆಲಸ ನೋಡು."

ಮಾವನವರು ಕನ್ನಡಕ ತರಲು ಒಳಗೆ ಹೋದಾಗ ಅವನು ಪ್ಲಗ್ಗು ಬಿಚ್ಚಿ ನನಗೆ ತೋರಿಸಿದ. ತುದಿಯಲ್ಲಿ ಕಾಡಿಗೆಯಂಥ ಮಸಿ.

"ಅಮ್ಮಾ, ರೋಡಲ್ಲಿ ಓಡೋ ಗಾಡಿ ಪ್ಲಗ್ಗು ಇಷ್ಟು ಕಪ್ಪಗಿರಲ್ಲ. ಬಿಸ್ಕತ್ ಬಣ್ಣ ಇರತ್ತೆ. ಇದು ನಿಂತಲ್ಲೇ ಉರಿದಿರೋ ಗಾಡಿ. ಯಾರಾದ್ರೂ ಸುಮ್ನೆ ಸ್ಟಾರ್ಟ್ ಮಾಡಿ ಬಿಡ್ತಾರಾ?"

"ಯಾರು ಮಾಡ್ತಾರಪ್ಪ?"

"ಅದನ್ನೇ ನಾನ್ ಕೇಳ್ತಿರೋದು."

ಅವನಿಗೆ ಮಲ್ಲಿಗೆಯ ವಿಷಯ ಹೇಳಲಿಲ್ಲ. ಹೇಳಿದ್ದರೆ, ಈಗ ಅನ್ನಿಸುತ್ತದೆ, ಅಷ್ಟು ದೂರ ಹೋಗುತ್ತಿರಲಿಲ್ಲ.

ಮಾವನವರು ಬೇರೆ ತೀರ್ಮಾನಕ್ಕೆ ಬಂದಿದ್ದರು. ಯಾರೋ ಹಿಂದಿನ ಗಲ್ಲಿಯಿಂದ ಶೆಡ್ಡಿನ ಕಿಂಡಿಯಲ್ಲಿ ಪೈಪು ಬಿಟ್ಟು ಪೆಟ್ರೋಲು ಹೀರುತ್ತಿದ್ದಾರೆ ಎಂದು. ಒಂದು ಭಾನುವಾರ ತಾವೇ ನಿಂತು ಮಗನ ಕೈಯಲ್ಲಿ ಎರಡು ಕಿಂಡಿಗೂ ತಗಡು ಹೊಡೆಸಿದರು. ದೊಡ್ಡ ಬಾಗಿಲಿನ ಅಡಿಯ ಸಂದಿಗೆ ರಬ್ಬರು ಪಟ್ಟಿ ಜಡಿಸಿದರು. ಜೊತೆಗೆ, ಎಷ್ಟೋ ವರ್ಷದಿಂದ ಬಳಸದೆ ಬಿಟ್ಟಿದ್ದ ಕಾರಿನ ಗ್ಯಾಸ್ ಕಿಟ್ಟನ್ನು ಮೆಕ್ಯಾನಿಕ್ಕಿನಿಂದ ರಿಪೇರಿ ಮಾಡಿಸಿದರು.

"ಪೆಟ್ರೋಲಾದ್ರೆ ಪೈಪ್ ಹಾಕಿ ಎಳೀಬಹುದು. ಗ್ಯಾಸನ್ನ ಹೇಗೆ ಎಳೀತಾನೆ ನೋಡೋಣ" ಎಂದು ನಕ್ಕರು. ಗ್ಯಾಸು ಲೀಟರಿಗೆ ಪೆಟ್ರೋಲಿಗಿಂತ ಹಗುರ, ಮೈಲೇಜು ಹದಿಮೂರು ಬಂದರೆ ಸರಿಯಾದದ್ದು ಎಂದು ಮೊದಲೇ ಪುಸ್ತಕದಲ್ಲಿ ಬರೆದಿಟ್ಟರು. ಮನೆಗೆ ಕಳ್ಳ ಬರುವ ದಾರಿಗಳೆಲ್ಲ ಮುಚ್ಚಿದವು ಎಂದು ನನಗೂ ಸಮಾಧಾನವಾಯಿತು. ಅತ್ತೆ ಬರುವ ದಾರಿಯೂ ಮುಚ್ಚಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಪಾಪದ ಮಾತು.

ಮಂಗಳವಾರ ಊರಿನಿಂದ ನೆಂಟರು ಬಂದಿದ್ದರಿಂದ ಪಾರಾಯಣಕ್ಕೆ ಹೋಗಲಾಗಲಿಲ್ಲ. ಶುಕ್ರವಾರ ಹೋದೆ. ಮೂರು ಗಂಟೆಯ ಹೊತ್ತಿಗೆ ಪಾರಾಯಣ ನಡೆಯುತ್ತಿದ್ದ ಮನೆಯವರಿಗೆ ಹತ್ತಿರದವರು ತೀರಿಹೋದರೆಂದು ಫೋನು ಬಂತು. ಸೂತಕ, ಪಾರಾಯಣ ಅರ್ಧಕ್ಕೇ ನಿಂತಿತು. ಎಲ್ಲರೂ ಎದ್ದು ಮನೆಗೆ ಹೊರಟೆವು. ಅರ್ಧಕ್ಕೆ ಬಿಟ್ಟದ್ದು ಅಪಶಕುನ ಎಂದು ದಾರಿಯುದ್ದ ಅಂಜಿಕೊಂಡು ಬಂದೆ. ಅದೇ ದೇವರು ಮಾಡಿದ ಉಪಕಾರ ಎಂದು ಆಗ ಗೊತ್ತಿರಲಿಲ್ಲ.

ಬೀಗ ತೆಗೆದು ನಡುಮನೆಗೆ ಬಂದರೆ ಮನೆಯೇ ಸಣ್ಣಗೆ ಗುನುಗುತ್ತಿತ್ತು. ಹತ್ತಿರದಲ್ಲೆಲ್ಲೋ ಜೇನುಗೂಡು ಇದ್ದ ಹಾಗೆ. ಅಡಿಗೆಮನೆಯ ಗೂಡಿನಲ್ಲಿದ್ದ ಲೋಟಗಳು ಒಂದಕ್ಕೊಂದು ತಾಗಿ ನಡುಗುತ್ತಿದ್ದವು. ದೇವರ ಮನೆಯ ಮೊಳೆ ಖಾಲಿ. ಫೋಟೋದಲ್ಲಿ ಅರ್ಧ ಮೊಳ ಹೂವು ಇಲ್ಲ. ಮಾವನವರ ಮಂಚವೂ ಖಾಲಿ. ಹೊದಿಕೆ ಮಡಿಸಿಟ್ಟಿತ್ತು.

ಶೆಡ್ಡಿನ ಸಣ್ಣ ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ. ಒಳಗೆ ಯಾರಿರಬಹುದು ಎಂಬ ಭಯ ಒಂದು ಕಡೆ, ಮಾವನವರು ಎಲ್ಲಿ ಎಂಬುದು ಒಂದು ಕಡೆ. ಗುರುಗಳನ್ನು ನೆನೆದು ನೂಕಿದೆ.

ಮುಖಕ್ಕೆ ಬಿಸಿ ಗಾಳಿ ಹೊಡೆಯಿತು. ಕಣ್ಣು ಉರಿಯಿತು. ಮಬ್ಬಿನಲ್ಲಿ ಸ್ಟೇರಿಂಗಿನ ಹಿಂದೆ ಮಾವನವರು ನೆಟ್ಟಗೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ತಲೆಗೆ ನೀರು ಹಚ್ಚಿ ಬಾಚಿದ ಕೂದಲು. ಪಕ್ಕದ ಸೀಟಿನ ಮೇಲೆ ಮಲ್ಲಿಗೆ. ಅವರು ಮುಂದಿನ ಗೋಡೆಯನ್ನೇ ನೋಡುತ್ತಿದ್ದರು, ಅಲ್ಲಿ ರಸ್ತೆ ಇರುವ ಹಾಗೆ. ಮುಖ ಕೆಂಪಗೆ ಊದಿತ್ತು.

ಮೂಗಿಗೆ ಸೆರಗು ಒತ್ತಿಕೊಂಡು ಓಡಿಹೋಗಿ ದೊಡ್ಡ ಬಾಗಿಲಿನ ಅಗುಳಿ ತೆಗೆದು ಎರಡೂ ರೆಕ್ಕೆ ನೂಕಿದೆ. ಬೆಳಕು ಬಂತು. ನನ್ನ ರಂಗೋಲಿಯನ್ನು ನಾನೇ ತುಳಿದುಕೊಂಡು ಹೊರಗೆ ಹೋಗಿ ಎರಡು ಸಲ ಉಸಿರೆಳೆದು ಮತ್ತೆ ಒಳಗೆ ಬಂದೆ. ಕಿಟಕಿಯಿಂದ ಕೈಹಾಕಿ ಬೀಗದಕೈ ತಿರುಗಿಸಲು ಹೋದರೆ ಅವರು ನನ್ನ ಕೈ ಹಿಡಿದರು. ಆ ಹಿಡಿತದಲ್ಲಿ ಎಂಬತ್ತು ವರ್ಷ ಇರಲಿಲ್ಲ.

"ಆಫ್ ಮಾಡ್ಬೇಡ. ಬ್ಯಾಟರಿ ವೀಕು. ಮತ್ತೆ ಸ್ಟಾರ್ಟ್ ಆಗಲ್ಲ." ನನ್ನ ಮುಖ ನೋಡಿದರು. "ಬಂದ್ಯಾ? ಬೆಲ್ ಹೊಡೆದು ಎಷ್ಟೊತ್ತಾಯ್ತು. ಗಾಡಿ ಹತ್ತು."

ಆಗ ತಿಳಿಯಿತು. ಅತ್ತೆ ಎಷ್ಟು ಸಲ ಹೇಳಿ ನಕ್ಕಿದ್ದರು. ಕಾರು ಹೊಸದಾಗಿ ಮನೆಗೆ ಬಂದ ಕಾಲದಲ್ಲಿ ಒಮ್ಮೆ ಬ್ಯಾಟರಿ ಕೈಕೊಟ್ಟು, ಶಾಲೆಯ ಮಕ್ಕಳೆಲ್ಲ ಸೇರಿ ತಳ್ಳಿದ್ದರಂತೆ. ಮರುದಿನದಿಂದ ಮಾವನವರು ಮೂರೂವರೆಗೆ ಶಾಲೆಯ ಮುಂದೆ ಕಾಯುವಾಗ ಇಂಜಿನ್ನು ಆಫ್ ಮಾಡುತ್ತಲೇ ಇರಲಿಲ್ಲ. ಬೇರೆಯವರಿಗೆ ಮೈಲೇಜಿನ ಪಾಠ ಹೇಳುವವರು ಹೆಂಡತಿಗಾಗಿ ಮಾತ್ರ ನಿಂತಲ್ಲೇ ಉರಿಸುತ್ತಿದ್ದರು. "ನನ್ನ ಮೇಲಿನ ಪ್ರೀತಿಗಲ್ಲ, ತಳ್ಳಿಸಿಕೊಂಡ ಅವಮಾನಕ್ಕೆ" ಎಂದು ಅತ್ತೆ ಅಣಕಿಸುತ್ತಿದ್ದರು.

ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಅವರಾಗಿ ಬಿಟ್ಟಾಗ ನಾನು ಸುತ್ತಿ ಹೋಗಿ ಎಡಗಡೆ ಬಾಗಿಲು ತೆಗೆದು, ಹೂವನ್ನು ಮಡಿಲಿಗೆ ಹಾಕಿಕೊಂಡು ಕೂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಬಾಯಿಂದ ಬಂದ ಮಾತು ಹೀಗಿತ್ತು:

"ಮನೆ ಬಂತು. ಇಳೀರಿ."

ಆ ದನಿ ನನ್ನದೆಂದು ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಅವರು "ಬಂತಾ" ಎಂದು, ಗ್ಯಾಸಿನ ಸ್ವಿಚ್ಚು ಆರಿಸಿ, ಬೀಗದಕೈ ತಿರುಗಿಸಿದರು. ಶೆಡ್ಡು ಒಮ್ಮೆಲೇ ಮೌನವಾಯಿತು.

ಆಸ್ಪತ್ರೆಯಲ್ಲಿ ಒಂದು ದಿನ ಆಕ್ಸಿಜನ್ ಇಟ್ಟರು. ಮೆಕ್ಯಾನಿಕ್ಕು ಬಂದು ನೋಡಿ ತಲೆ ಚಚ್ಚಿಕೊಂಡ. ಗ್ಯಾಸಾದ್ದರಿಂದ ಹೊಗೆ ಸ್ವಲ್ಪ ಶುದ್ಧ, ಆ ಹಳೇ ಇಂಜಿನ್ನು ಪೆಟ್ರೋಲಿನಲ್ಲಿ ಉರಿದಿದ್ದರೆ ನಾನು ಬರುವ ಹೊತ್ತಿಗೆ ಮುಗಿದಿರುತ್ತಿತ್ತು ಎಂದ. ಡಾಕ್ಟರು ಅದನ್ನೂ ಒಪ್ಪಲಿಲ್ಲ. "ಮುಚ್ಚಿದ ಶೆಡ್ಡಲ್ಲಿ ಯಾವುದಾದ್ರೂ ಕೊಲ್ಲತ್ತೆ ಕಣಮ್ಮ, ಟೈಮ್ ಅಷ್ಟೇ ವ್ಯತ್ಯಾಸ" ಅಂದರು. ಅಷ್ಟು ದಿನ ಪೆಟ್ರೋಲಿನಲ್ಲಿ ಉರಿದಾಗ ಅವರನ್ನು ಉಳಿಸಿದ್ದು ಕಿಂಡಿಗಳು. ಅವನ್ನು ನಾವೇ ಮುಚ್ಚಿದ್ದೆವು. ಇದು ವಯಸ್ಸಿನ ಮರೆವಿನ ಕಾಯಿಲೆ, ನೆನಪು ಹೀಗೆ ಬಂದು ಹೋಗುವುದು ಇನ್ನು ಮುಂದೆಯೂ ಆಗುತ್ತದೆ ಎಂದೂ ಡಾಕ್ಟರು ಹೇಳಿದರು.

ಮಾವನವರಿಗೆ ಏನೂ ನೆನಪಿರಲಿಲ್ಲ. ಪಿತ್ತವಾಗಿ ತಲೆ ತಿರುಗಿತು ಎಂದುಕೊಂಡರು. ಮನೆಯವರು ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಅಪ್ಪಂಗೆ ಹೇಳೋದು ಬೇಡ. ದೇವರ ಮುಂದೆ ಕೊಟ್ಟ ಮಾತು ಮುರಿದೆ ಅಂತ ಗೊತ್ತಾದ್ರೆ ಅವರು ಊಟ ಬಿಡ್ತಾರೆ" ಅಂದರು. ನಾನೂ ಒಪ್ಪಿದೆ. ತಗಡು ಕಿತ್ತುಹಾಕಿದೆವು. ಭಾನುವಾರ ಬಿಟ್ಟು ಬೇರೆ ದಿನ ಬ್ಯಾಟರಿಯ ವೈರು ಬಿಚ್ಚಿಡುವುದು ಎಂದಾಯಿತು. ನಾನು ಪಾರಾಯಣಕ್ಕೆ ಹೋಗುವುದು ನಿಲ್ಲಿಸಿದೆ.

ಮೂರು ಭಾನುವಾರ ಕಳೆದವು. ಗ್ಯಾಸಿನಲ್ಲಿ ಆ ಮೊದಲ ವಾರ ಬಿಟ್ಟರೆ ಹದಿಮೂರು, ಹದಿಮೂರು, ಹದಿಮೂರು. ಅವರು ಬರೆದಿಟ್ಟಿದ್ದಷ್ಟೇ. ಖುಷಿಪಡುತ್ತಾರೆಂದುಕೊಂಡೆ. ಅವರು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ವರಾಂಡದಲ್ಲಿ ಸುಮ್ಮನೆ ಕೂತಿದ್ದರು. ಮನೆಯವರು ಕೆಲಸಕ್ಕೆ ಹೋಗಿದ್ದರು. ನಾನು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ.

"ಬಾಮ್ಮ ಇಲ್ಲಿ. ಮೊದಲನೇ ವಾರ ಗ್ಯಾಸಲ್ಲಿ ಹನ್ನೊಂದು ಬಂದಿದೆ. ಆಮೇಲೆ ಹದಿಮೂರು. ಇಂಧನ ಅದೇ. ದಾರಿ ಅದೇ. ಓಡಿಸೋನು ಅವನೇ. ತಗಡು ತೆಗೆದ್ರಿ, ಅದರಿಂದ ಮೈಲೇಜ್ ಬರಲ್ಲ. ಇನ್ನೇನು ಬದಲಾಯ್ತು?"

"ನನಗೇನು ಗೊತ್ತು ಮಾವ."

"ನಿನಗೆ ಗೊತ್ತು. ನೀನು ಮಂಗಳವಾರ, ಶುಕ್ರವಾರ ಮನೇಲಿರ್ತಿದೀಯ. ಅದೊಂದೇ ಬದಲಾಗಿರೋದು." ಸೀಸದಕಡ್ಡಿಯನ್ನು ಪುಸ್ತಕದ ನಡುವೆ ಇಟ್ಟರು. "ನೀನು ಇಲ್ಲದಾಗ ಮನೇಲಿ ಇರ್ತಿದ್ದೋನು ನಾನೊಬ್ಬನೇ."

ನಾನು ಇನ್ನೊಂದು ಕಾಯಿಯ ನಾರು ತೆಗೆದೆ.

"ನಾನಾ ಅಮ್ಮ?"

ಸುಳ್ಳು ಹೇಳಲು ಬಾಯಿ ತೆರೆದೆ. ಅವರ ಮುಂದೆ ಬರಲಿಲ್ಲ.

"ಹೌದು ಮಾವ."

"ಎಲ್ಲಿಗೆ ಹೋಗ್ತಿದ್ದೆ?"

"ಎಲ್ಲಿಗೂ ಇಲ್ಲ. ಶೆಡ್ಡಲ್ಲೇ. ಸ್ಕೂಲ್ ಬಿಡೋ ಹೊತ್ತಿಗೆ."

ಅವರಿಗೆ ಮುಂದೆ ಹೇಳಬೇಕಾಗಲಿಲ್ಲ. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಬಂದ, ಕೂಗಿಕೊಂಡೇ ದಾಟಿಹೋದ. ಆಮೇಲೆ ಅವರು ತುಂಬಾ ಮೆಲ್ಲಗೆ ಕೇಳಿದರು:

"ಬಂದ್ಲಾ?"

"ಕೊನೇ ಶುಕ್ರವಾರ ಬಂದ್ರು. ಮನೆ ಬಂತು ಇಳೀರಿ ಅಂದ್ರು. ನೀವೇ ಆಫ್ ಮಾಡಿದ್ರಿ."

ಅವರು ತಲೆಯಾಡಿಸಿದರು. ಪುಸ್ತಕದಲ್ಲಿ ಆ ಸಾಲಿನ ಪಕ್ಕ ಏನೋ ಬರೆದು ಮುಚ್ಚಿದರು. ಏನು ಬರೆದರೆಂದು ನಾನು ಇದುವರೆಗೆ ತೆಗೆದು ನೋಡಿಲ್ಲ. ಒಳಗೆ ಹೋಗಿ ದೇವರಿಗೆ ಅಡ್ಡಬಿದ್ದರು, ಏಳಲು ನಾನು ಕೈಕೊಡಬೇಕಾಯಿತು. ಊಟ ಬಿಡಲಿಲ್ಲ. ಅವತ್ತು ಹುರುಳಿಕಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡರು.

"ನಾಳೆ ಮಂಗಳವಾರ ಪಾರಾಯಣಕ್ಕೆ ಹೊರಡು" ಎಂದರು ಕೈ ತೊಳೆಯುತ್ತ. "ನನ್ನನ್ನೂ ಕರ್ಕೊಂಡು ಹೋಗು. ಆ ಹೊತ್ತಲ್ಲಿ ಪಕ್ಕದಲ್ಲಿ ಯಾರಾದ್ರೂ ಇದ್ರೆ ಸಾಕು."

ಈಗ ಹೆಂಗಸರ ನಡುವೆ ಒಬ್ಬರೇ ಗಂಡಸು, ಹಿಂದಿನ ಕುರ್ಚಿಯಲ್ಲಿ ಮಾವನವರು. ಎಲ್ಲರೂ ಅವರಿಗೆ ಮೊದಲು ಕಾಫಿ ಕೊಡುತ್ತಾರೆ. ನಾನು ಅವರ ಪಕ್ಕ ನೆಲದ ಮೇಲೆ ಕೂರುತ್ತೇನೆ. ಓದುತ್ತ ಓದುತ್ತ ಮೂರೂವರೆಯಾಗುವಾಗ ನನ್ನ ಕಣ್ಣು ತಾನಾಗಿ ಅವರ ಕಾಲಿನ ಕಡೆ ಹೋಗುತ್ತದೆ. ಕಣ್ಣು ಮುಚ್ಚಿ ಕೂತಿರುತ್ತಾರೆ. ಬಲಗಾಲಿನ ಹೆಬ್ಬೆರಳು ಮಾತ್ರ ನೆಲವನ್ನು ಮೆಲ್ಲಗೆ ಒತ್ತುತ್ತದೆ, ಬಿಡುತ್ತದೆ, ಮತ್ತೆ ಒತ್ತುತ್ತದೆ, ಏನೋ ಒಂದು ಆರಿಹೋಗದ ಹಾಗೆ ನೋಡಿಕೊಳ್ಳುತ್ತಿರುವಂತೆ.